ಜಿಎನ್‌ಎಂ ಆಯ್ತು, ಈಗ ಪೋಸ್ಟ್ ಬೇಸಿಕ್: ಮೂರರಲ್ಲಿ ಯಾವುದಕ್ಕೆ ಸೇರಲಿ?

ಬ್ಯಾಡಗಿ ಸಿಸ್ಟರ್
ಎಲ್ಲರಿಗೂ ನಮಸ್ಕಾರ. ನೈಟ್ ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನಾನು 2022ರಲ್ಲಿ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಮುಗಿಸಿದೆ. ಅದೇ ವರ್ಷ ನರ್ಸಿಂಗ್ ಕೌನ್ಸಿಲ್‌ನಲ್ಲಿ ಆರ್‌ಎನ್‌ಆರ್‌ಎಂ (ನರ್ಸ್ ಮತ್ತು ಸೂಲಗಿತ್ತಿ) ನೋಂದಣಿ ಆಯಿತು. ಆಗಿನಿಂದ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಇದ್ದೇನೆ. ಸಂಬಳ 18,500. ಈಗ ಡಿಪ್ಲೊಮಾದಿಂದ ಡಿಗ್ರಿಗೆ ದಾಟಬೇಕು ಅಂತ ಮನಸ್ಸು ಮಾಡಿದ್ದೇನೆ. ಅದಕ್ಕಿರುವ ಕೋರ್ಸು ಪೋಸ್ಟ್ ಬೇಸಿಕ್ ಬಿಎಸ್ಸಿ. ನನ್ನ ಮುಂದೆ ಮೂರು ದಾರಿ ಇವೆ.

ಒಂದು, ಬೆಂಗಳೂರಿನ ಹೊರವಲಯದ ಒಂದು ಕಾಲೇಜು. ಏಜೆಂಟ್ ಮೂಲಕ ಬಂದದ್ದು. ಎರಡು ವರ್ಷಕ್ಕೆ 1,80,000. ಕಾಲೇಜಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು, ಈಗಿನ ಕೆಲಸ ಬಿಡಬೇಕಾಗಿಲ್ಲ ಅಂತಾರೆ.

ಎರಡು, ಕರಾವಳಿಯ ಒಂದು ಮಿಷನ್ ಆಸ್ಪತ್ರೆಯ ಕಾಲೇಜು. ರೆಗ್ಯುಲರ್ ಎರಡು ವರ್ಷ. ಫೀಸು, ಹಾಸ್ಟೆಲ್ ಎಲ್ಲ ಸೇರಿ ವರ್ಷಕ್ಕೆ 1,70,000 ಹತ್ತಿರ ಬರುತ್ತದೆ. ಕೆಲಸ ಬಿಡಲೇಬೇಕು.

ಮೂರು, ಇಗ್ನೋ, ಅಂದರೆ ಮುಕ್ತ ವಿಶ್ವವಿದ್ಯಾಲಯದ ಡಿಸ್ಟೆನ್ಸ್ ಕೋರ್ಸು. ಮೂರು ವರ್ಷ. ಕೆಲಸ ಮಾಡುತ್ತಲೇ ಓದಬಹುದು. ಆದರೆ ಎಂಟ್ರೆನ್ಸ್ ಬರೆಯಬೇಕು.

ಅಪ್ಪನಿಗೆ ಮೂರು ಎಕರೆ ಮೆಣಸಿನಕಾಯಿ. ಈ ಸಲ ರೇಟು ಕೈಕೊಟ್ಟಿದೆ. ತಮ್ಮ ಪಿಯುಸಿ ಎರಡನೇ ವರ್ಷ. ಕೆಲಸ ಬಿಡುತ್ತೇನೆ ಅಂತ ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ. ಮೊದಲು ಇಲ್ಲಿ ಕೇಳೋಣ ಅನ್ನಿಸಿತು.

ಏಳನೇ ವಾರ್ಡ್
ಮೊದಲನೆಯದು ಬೇಡ. ಉಳಿದ ಎರಡರಲ್ಲಿ ಯಾವುದಾದರೂ ಸರಿ.

ಕಲಬುರಗಿ ಬ್ರದರ್
ತಂಗಿ, ನಾನು ಆ ಮೊದಲನೇ ದಾರಿಯಲ್ಲೇ ಹೋದವನು. ಪೂರ್ತಿ ಹೇಳುತ್ತೇನೆ.

ನಾನೂ ನಿನ್ನ ಹಾಗೆ ಡ್ಯೂಟಿ ಮಾಡುತ್ತಲೇ ಒಂದು ಕಾಲೇಜಿಗೆ 'ನಾನ್ ಅಟೆಂಡಿಂಗ್' ಸೇರಿದೆ. ಎರಡು ವರ್ಷದಲ್ಲಿ ಕಾಲೇಜಿನ ಒಳಗೆ ಕಾಲಿಟ್ಟದ್ದು ಒಂಬತ್ತು ದಿನ. ಪಾಸಾದೆ, ಡಿಗ್ರಿ ಬಂತು, ಊರಲ್ಲಿ ಪೇಢಾ ಹಂಚಿದೆ.

ಆಮೇಲೆ ಗಲ್ಫ್‌ಗೆ ಅರ್ಜಿ ಹಾಕಿದೆ. ಅಲ್ಲಿ ಡೇಟಾಫ್ಲೋ ಅಂತ ಪರಿಶೀಲನೆ ಇರುತ್ತದೆ. ನೀನು ಕೊಟ್ಟ ಪ್ರತಿ ಕಾಗದವನ್ನೂ ಅದು ಹೊರಟ ಜಾಗಕ್ಕೇ ಕಳಿಸಿ ನಿಜವೋ ಸುಳ್ಳೋ ಕೇಳುತ್ತಾರೆ. ಡಿಗ್ರಿ ಪ್ರಕಾರ ನಾನು ಆ ಎರಡು ವರ್ಷ ಬೆಂಗಳೂರಿನಲ್ಲಿ ದಿನಾ ಕ್ಲಾಸಿನಲ್ಲಿದ್ದೆ. ಎಕ್ಸ್‌ಪೀರಿಯನ್ಸ್ ಲೆಟರ್ ಪ್ರಕಾರ ಅದೇ ಎರಡು ವರ್ಷ ಕಲಬುರಗಿಯಲ್ಲಿ ಫುಲ್ ಟೈಮ್ ಡ್ಯೂಟಿಯಲ್ಲಿದ್ದೆ. ಒಬ್ಬ ಮನುಷ್ಯ ಎರಡು ಊರಲ್ಲಿ ಹೇಗಿರುತ್ತಾನೆ? ವಿವರಣೆ ಕೊಡಿ ಅಂದರು. ನನ್ನ ಹತ್ತಿರ ಏನಿತ್ತು ಕೊಡೋದಕ್ಕೆ? ಆ ಕೆಲಸ ಕೈತಪ್ಪಿತು.

ಈಗ ಅರ್ಜಿ ಹಾಕುವಾಗ ಡಿಗ್ರಿ ತೋರಿಸಿದರೆ ಆ ಎರಡು ವರ್ಷದ ಅನುಭವ ಬಿಡಬೇಕು. ಅನುಭವ ತೋರಿಸಿದರೆ ಡಿಗ್ರಿ ಮುಚ್ಚಿಡಬೇಕು. ದುಡ್ಡು ಕೊಟ್ಟು ನನ್ನ ಎರಡು ವರ್ಷವನ್ನು ನಾನೇ ಅಳಿಸಿ ಹಾಕಿದ ಹಾಗಾಯಿತು. ರಾತ್ರಿ ಮಲಗಿದಾಗ ಈಗಲೂ ಇದೇ ತಲೆಯಲ್ಲಿ ಓಡುತ್ತದೆ.

ಎರಡು ಮಕ್ಕಳ ತಾಯಿ
ಬ್ರದರ್ ಹೇಳಿದ್ದು ಅವರಿಗೆ ಆಗಿರಬಹುದು. ಆದರೆ ಎಲ್ಲರೂ ಕೆಲಸ ಬಿಟ್ಟು ಹಾಸ್ಟೆಲ್‌ಗೆ ಹೋಗೋಕೆ ಆಗುತ್ತಾ? ನನಗೆ ಇಬ್ಬರು ಮಕ್ಕಳು, ಅತ್ತೆಗೆ ಡಯಾಲಿಸಿಸ್. ನಾನೂ ಹಾಗೇ ಮಾಡಿದೆ. ನಮ್ಮ ಆಸ್ಪತ್ರೆಯಲ್ಲಿ ಡಿಗ್ರಿ ಬಂದ ಮೇಲೆ ಇನ್‌ಚಾರ್ಜ್ ಮಾಡಿದರು, ಸಂಬಳ 4,000 ಏರಿತು. ಹೊರದೇಶದ ಆಸೆ ನನಗಿಲ್ಲ. ಹೆಂಗಸರ ಮೇಲೆ ಎಷ್ಟು ಭಾರ ಇರುತ್ತದೆ ಅಂತ ನೋಡದೆ ಸುಮ್ನೆ ಬೇಡ ಬೇಡ ಅನ್ನಬೇಡಿ.

ಏಳನೇ ವಾರ್ಡ್
ಮೇಡಂ, ನಿಮ್ಮ ಕಷ್ಟ ಗೊತ್ತು. ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ. ಹಾಗೆ ಸೀಟು ಮಾರುವವರ ಮೇಲೆ ನನ್ನ ಕೋಪ.

ಟ್ಯೂಟರ್ ಮೇಡಂ
ನಾನು 14 ವರ್ಷದಿಂದ ನರ್ಸಿಂಗ್ ಕಲಿಸುತ್ತಿದ್ದೇನೆ. ಪೋಸ್ಟ್ ಬೇಸಿಕ್ ಕ್ಲಾಸನ್ನೂ ತೆಗೆದುಕೊಳ್ಳುತ್ತೇನೆ. ಕೆಲವು ವಿಷಯ ಸ್ಪಷ್ಟ ಮಾಡಿಬಿಡೋಣ.

ರೆಗ್ಯುಲರ್ ಪೋಸ್ಟ್ ಬೇಸಿಕ್‌ನಲ್ಲಿ 'ನಾನ್ ಅಟೆಂಡಿಂಗ್' ಎಂಬುದು ಇಲ್ಲವೇ ಇಲ್ಲ. ಪರೀಕ್ಷೆಗೆ ಕೂರಲು ಪ್ರತಿ ವಿಷಯಕ್ಕೂ ಥಿಯರಿ ಮತ್ತು ಪ್ರಾಕ್ಟಿಕಲ್ ಎರಡರಲ್ಲೂ 80% ಹಾಜರಿ ಬೇಕು. ಡಿಗ್ರಿ ಕೈಗೆ ಬರುವ ಮೊದಲು ಪ್ರಾಕ್ಟಿಕಲ್ ಹಾಜರಿ 100% ತುಂಬಿರಬೇಕು. ಇದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ (ಐಎನ್‌ಸಿ) ನಿಯಮ. ಬರೋದು ಬೇಡ ಅಂತ ಯಾರಾದರೂ ಹೇಳಿದರೆ, ನಿಮ್ಮ ಪರವಾಗಿ ರಿಜಿಸ್ಟರ್‌ನಲ್ಲಿ ಸುಳ್ಳು ಬರೆಯುತ್ತೇವೆ ಅಂತಲೇ ಅರ್ಥ. ಆ ಸುಳ್ಳು ನಿಮ್ಮ ಹೆಸರಿನಲ್ಲಿ ಇರುತ್ತದೆ, ಏಜೆಂಟ್ ಹೆಸರಿನಲ್ಲಿ ಅಲ್ಲ.

ಎರಡನೇದು, ಜಿಎನ್‌ಎಂ ಮಾಡಿದವರು ಇಲ್ಲಿ ಏನು ಹೊಸದಾಗಿ ಕಲಿಯುತ್ತಾರೆ ಅಂತ ತುಂಬ ಜನ ಕೇಳುತ್ತಾರೆ. ಮೊದಲ ವರ್ಷ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ನ್ಯೂಟ್ರಿಷನ್, ಸೈಕಾಲಜಿ ಇವೆ. ಜೊತೆಗೆ ಮೆಡಿಕಲ್ ಸರ್ಜಿಕಲ್, ಮಕ್ಕಳ ಶುಶ್ರೂಷೆ, ತಾಯಂದಿರ ಶುಶ್ರೂಷೆ. ಎರಡನೇ ವರ್ಷ ಕಮ್ಯುನಿಟಿ, ಮೆಂಟಲ್ ಹೆಲ್ತ್, ಸೋಶಿಯಾಲಜಿ. ಅದರ ಮೇಲೆ ನರ್ಸಿಂಗ್ ಎಜುಕೇಷನ್, ಅಡ್ಮಿನಿಸ್ಟ್ರೇಷನ್, ರಿಸರ್ಚ್ ಮತ್ತು ಸ್ಟಾಟಿಸ್ಟಿಕ್ಸ್. ಐಸಿಯುನಲ್ಲಿ ಮೂರು ವರ್ಷ ಕೆಲಸ ಮಾಡಿದವರಿಗೆ ಇವು ಬೇರೆಯೇ ರೀತಿಯಲ್ಲಿ ತಲೆಗೆ ಹೋಗುತ್ತವೆ. ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ಮೈಕ್ರೋಬಯಾಲಜಿ ಕ್ಲಾಸಿನ ಮಧ್ಯೆ ಎದ್ದು ನಿಂತಳು. "ಮೇಡಂ, ನಮ್ಮ ವಾರ್ಡ್‌ನಲ್ಲಿ ಕ್ಯಾಥೆಟರ್ ಬ್ಯಾಗನ್ನು ನೆಲಕ್ಕೆ ತಾಗಿಸಬೇಡಿ ಅಂತ ಬೈಯುತ್ತಿದ್ದರು, ಯಾಕೆ ಅಂತ ಇವತ್ತು ಗೊತ್ತಾಯ್ತು" ಅಂದಳು. ಐದು ವರ್ಷ ಕೆಲಸ ಮಾಡಿದ ಹುಡುಗಿ. ಕ್ಲಾಸಿಗೇ ಬರದೆ ಇದ್ದಿದ್ದರೆ?

ದಾವಣಗೆರೆ ಬೆಣ್ಣೆ
ಒಂದು ಡೌಟು. ಜಿಎನ್‌ಎಂ ಆದವರು ನೇರವಾಗಿ ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷಕ್ಕೆ ಸೇರಬಹುದಲ್ವಾ? ನನ್ನ ಕಸಿನ್ ಡಿಪ್ಲೊಮಾ ಮುಗಿಸಿ ಇಂಜಿನಿಯರಿಂಗ್‌ಗೆ ಹಾಗೇ ಸೇರಿದ.

ಟ್ಯೂಟರ್ ಮೇಡಂ
ಅದು ಇಂಜಿನಿಯರಿಂಗ್ ಲ್ಯಾಟರಲ್ ಎಂಟ್ರಿ. ನರ್ಸಿಂಗ್‌ನಲ್ಲಿ ಜಿಎನ್‌ಎಂ ಆದವರಿಗೆ ಇರುವ ದಾರಿ ಪೋಸ್ಟ್ ಬೇಸಿಕ್. ಬಿಎಸ್ಸಿ ನಾಲ್ಕು ವರ್ಷದ್ದು ಬೇರೆ ಕೋರ್ಸು. ಎರಡನೇ ವರ್ಷಕ್ಕೆ ಕೂರಿಸುತ್ತೇವೆ ಅಂತ ದುಡ್ಡು ಕೇಳುವವರು ಇದ್ದಾರೆ. ಕೊಡಬೇಡಿ.

ದಾವಣಗೆರೆ ಬೆಣ್ಣೆ
ಸರಿ ಮೇಡಂ, ಥ್ಯಾಂಕ್ಸ್. ನನ್ನ ತಂಗಿಗೆ ಅದನ್ನೇ ಹೇಳಿದ್ದರು. ಈಗಲೇ ಫೋನ್ ಮಾಡುತ್ತೇನೆ.

ಹಾಸನದ ಅಕ್ಕ
ಇಗ್ನೋ ಬಗ್ಗೆ ನಾನು ಹೇಳುತ್ತೇನೆ, ಅಲ್ಲೇ ಮಾಡಿದ್ದು.

ಜಿಎನ್‌ಎಂ ಜೊತೆ ಆರ್‌ಎನ್‌ಆರ್‌ಎಂ ನೋಂದಣಿ ಇರಬೇಕು. ನೋಂದಣಿ ಆದ ಮೇಲೆ ಎರಡು ವರ್ಷ ಕೆಲಸ ಮಾಡಿರಬೇಕು, ಈಗಲೂ ಕೆಲಸದಲ್ಲಿ ಇರಬೇಕು. ನಿನಗೆ ಅದು ಆಗಿದೆ. ಹಾಗಾಗಿ ಕಾಗದದ ತೊಂದರೆ ಇಲ್ಲ. ಎಂಟ್ರೆನ್ಸ್ ಬರೆದು ರ‍್ಯಾಂಕ್ ಬಂದರೆ ಸೀಟು. ಸೆಂಟರ್‌ಗಳು ಕಡಿಮೆ, ಒಂದೊಂದರಲ್ಲಿ ಸೀಟೂ ಕಡಿಮೆ. ಸಿಗುವುದು ಅಷ್ಟು ಸುಲಭ ಅಲ್ಲ.

ಎಲ್ಲರೂ ಡಿಸ್ಟೆನ್ಸ್ ಅಂದರೆ ಮನೆಯಲ್ಲಿ ಕೂತು ಪುಸ್ತಕ ಓದೋದು ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ರಾಕ್ಟಿಕಲ್‌ಗೆ ಸೆಂಟರ್‌ಗೆ ಹೋಗಲೇಬೇಕು, ಹಾಜರಿ ಕಡ್ಡಾಯ. ನಾನು ಇದ್ದಬದ್ದ ಸಿಎಲ್, ಇಎಲ್ ಎಲ್ಲ ಅದಕ್ಕೇ ಸುರಿದೆ. ಮೂರು ವರ್ಷ ಒಂದು ಮದುವೆಗೆ ಹೋಗಲಿಲ್ಲ, ಒಂದು ಜಾತ್ರೆಗೆ ಹೋಗಲಿಲ್ಲ. ತಮ್ಮನ ಮದುವೆಗೆ ಮಾತ್ರ ಧಾರೆ ಹೊತ್ತಿಗೆ ಬಸ್ಸಿನಿಂದ ಇಳಿದು ನೇರ ಛತ್ರಕ್ಕೆ ಹೋದೆ.

ರಜೆ ಕೊಡುವ ನರ್ಸಿಂಗ್ ಸೂಪರಿಂಟೆಂಡೆಂಟ್ ಇದ್ದರೆ ಇಗ್ನೋ ಒಳ್ಳೆಯದು. ಇಲ್ಲದಿದ್ದರೆ ನರಕ. ಹಾಗಾಗಿ ತಂಗಿ, ಮೊದಲು ನಿನ್ನ ಮ್ಯಾಟ್ರನ್ ಹತ್ತಿರ ಮಾತಾಡು. ಬಾಯಲ್ಲಿ ಹೂಂ ಅಂದರೆ ಸಾಲದು, ಬರವಣಿಗೆಯಲ್ಲಿ ಕೇಳು.

ಗಡಿನಾಡು
ಇಗ್ನೋ ಡಿಗ್ರಿಗೆ ಬೆಲೆ ಇಲ್ಲ. ಯಾರೂ ತೆಗೆದುಕೊಳ್ಳೋದಿಲ್ಲ.

ಹಾಸನದ ಅಕ್ಕ
ಯಾರು ಹೇಳಿದ್ದು? ಅದು ಐಎನ್‌ಸಿ ಮಾನ್ಯತೆ ಇರುವ ಕೋರ್ಸು. ನಾನು ಅದರ ಮೇಲೆ ಎಂಎಸ್ಸಿ ಮುಗಿಸಿದ್ದೇನೆ. ಗೊತ್ತಿಲ್ಲದೆ ಬರೆದರೆ ಓದಿದವರು ಹೆದರುತ್ತಾರೆ.

ಗಡಿನಾಡು
ನಮ್ಮ ಆಸ್ಪತ್ರೆಯ ಎಚ್‌ಆರ್ ಹಾಗೆ ಹೇಳಿದ್ದರು ಅಕ್ಕಾ. ನೀವು ಎಂಎಸ್ಸಿ ಮಾಡಿದ್ದೀರಿ ಅಂದರೆ ಸರಿ, ನನ್ನ ಮಾತು ವಾಪಸ್ ತೆಗೆದುಕೊಂಡೆ.

ಲೀಡ್ಸ್ ಕನ್ನಡತಿ
ನಾನು ಇಂಗ್ಲೆಂಡಿನಲ್ಲಿ ಇದ್ದೇನೆ. ಬೇರೆ ಕಡೆಯಿಂದ ಒಂದು ಪ್ರಶ್ನೆ: ನಿನಗೆ ಡಿಗ್ರಿ ಬೇಕಾ?

ನಾನು ಬಂದದ್ದು ಬರೀ ಜಿಎನ್‌ಎಂ ಮೇಲೆ. ಇಲ್ಲಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿಯ ನೋಂದಣಿಗೆ ಡಿಪ್ಲೊಮಾ ಸಾಕಾಯಿತು. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು. ಅದರ ಬದಲು ಒಇಟಿ ಪರೀಕ್ಷೆ ಬರೆದರೂ ಆಗುತ್ತದೆ. ಆಮೇಲೆ ಕಂಪ್ಯೂಟರ್ ಪರೀಕ್ಷೆ ಊರಲ್ಲೇ ಬರೆದೆ. ಇಲ್ಲಿಗೆ ಬಂದ ಮೇಲೆ ಒಸ್ಕಿ ಅಂತ ಪ್ರಾಕ್ಟಿಕಲ್ ಪರೀಕ್ಷೆ. ಪಾಸಾದರೆ ಬ್ಯಾಂಡ್ 5 ಅನ್ನುವ ಸಂಬಳ ಶ್ರೇಣಿಯ ನರ್ಸ್. ಡಿಗ್ರಿ ಇರುವವರೂ ಡಿಪ್ಲೊಮಾ ಇರುವವರೂ ಶುರು ಮಾಡುವುದು ಅಲ್ಲಿಂದಲೇ.

ಹಾಗಾಗಿ ಹೊರದೇಶವೇ ಗುರಿ ಆದರೆ ಆ ಮೂರು ಲಕ್ಷ, ಆ ಎರಡು ವರ್ಷ ಇಂಗ್ಲಿಷ್‌ಗೆ ಹಾಕು ಅನ್ನುತ್ತೇನೆ. ಮುಂದೆ ಮೇಲಿನ ಹುದ್ದೆಗೆ ಹೋಗುವಾಗ ಡಿಗ್ರಿ ಕೇಳುತ್ತಾರೆ, ನಿಜ. ನನಗೂ ಈಗ ಆ ಬಿಸಿ ತಟ್ಟಿದೆ. ಮಗುವನ್ನು ಮಲಗಿಸಿ ಇಲ್ಲೇ ಡಿಪ್ಲೊಮಾವನ್ನು ಡಿಗ್ರಿ ಮಾಡುವ ಟಾಪ್ ಅಪ್ ಕೋರ್ಸು ಓದುತ್ತಿದ್ದೇನೆ.

ಸರ್ಕಾರಿ ಕೆಲಸಗಾರ
ಹೊರದೇಶದ ಮಾತು ಬಿಡಿ, ಇಲ್ಲೇ ನೋಡಿ. ಏಮ್ಸ್ ನಡೆಸುವ ನಾರ್ಸೆಟ್ ಅನ್ನುವ ನರ್ಸ್ ನೇಮಕಾತಿ ಪರೀಕ್ಷೆಗೆ ಜಿಎನ್‌ಎಂನವರೂ ಕೂರಬಹುದು. ಆದರೆ 50 ಹಾಸಿಗೆಗಿಂತ ಕಡಿಮೆ ಇಲ್ಲದ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಬಿಎಸ್ಸಿ, ಪೋಸ್ಟ್ ಬೇಸಿಕ್‌ನವರಿಗೆ ಆ ಷರತ್ತು ಇಲ್ಲ. ಬ್ಯಾಡಗಿ ಸಿಸ್ಟರ್‌ಗೆ ಅನುಭವ ಈಗಲೇ ಇದೆ. ಅಂದರೆ ಡಿಗ್ರಿ ಇಲ್ಲದೆಯೇ ಈ ವರ್ಷವೇ ಬರೆಯಬಹುದು. ಯಾಕೆ ಬರೆಯಬಾರದು?

ಇನ್ನೊಂದು, ಸರ್ಕಾರಿ ಶುಶ್ರೂಷಾಧಿಕಾರಿ ಆಗಿ ಸೇರಿದ ಮೇಲೆ ಡೆಪ್ಯುಟೇಷನ್ ಮೇಲೆ ಪೋಸ್ಟ್ ಬೇಸಿಕ್ ಓದಲು ಅವಕಾಶ ಇದೆ. ನನ್ನ ಸೀನಿಯರ್ ಒಬ್ಬರು ಹಾಗೇ ಓದಿದರು.

ಬ್ಯಾಡಗಿ ಸಿಸ್ಟರ್
ಎಲ್ಲರಿಗೂ ತುಂಬ ಧನ್ಯವಾದ. ಡ್ಯೂಟಿಯ ನಡುವೆ ಕದ್ದು ಕದ್ದು ಓದಿದೆ.

ಲೀಡ್ಸ್ ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ ಕೊಡಲೇಬೇಕು. ನನಗೆ ಹೊರದೇಶದ ಆಸೆ ಇಲ್ಲ. ನನಗೆ ಕಲಿಸಬೇಕು. ಯಾಕೆ ಅಂತ ಹೇಳುತ್ತೇನೆ.

ನಮ್ಮ ಐಸಿಯುಗೆ ಹೊಸದಾಗಿ ಬರುವ ಹುಡುಗಿಯರಿಗೆ ಯಾರೂ ಹೇಳಿಕೊಡುವುದಿಲ್ಲ. ಹೋದ ತಿಂಗಳು ಒಬ್ಬಳು ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ಒಡೆದು ಸಿರಿಂಜಿಗೆ ಎಳೆದುಕೊಂಡು ನೇರವಾಗಿ ಐವಿಗೆ ಹಾಕಲು ಹೊರಟಿದ್ದಳು. ಡೈಲ್ಯೂಟ್ ಮಾಡಿರಲಿಲ್ಲ. ನಾನು ಪಕ್ಕದ ಬೆಡ್‌ನಲ್ಲಿ ಸಕ್ಷನ್ ಮಾಡುತ್ತಿದ್ದೆ. ಕಣ್ಣಿಗೆ ಬಿತ್ತು. ಓಡಿ ಹೋಗಿ ಕೈ ಹಿಡಿದೆ. ಅವಳ ಕೈ ತಣ್ಣಗೆ ಇತ್ತು, ನನ್ನದು ನಡುಗುತ್ತಿತ್ತು. ಅದು ಒಳಗೆ ಹೋಗಿದ್ದರೆ ಹೃದಯ ನಿಂತುಹೋಗುತ್ತಿತ್ತು. ಆ ಹುಡುಗಿ ಅತ್ತಳು. "ಅಕ್ಕಾ, ನಮಗೆ ಕಾಲೇಜಿನಲ್ಲಿ ಯಾರೂ ತೋರಿಸಲಿಲ್ಲ" ಅಂದಳು. ಅವಳ ತಪ್ಪು ಅಂತ ನನಗೆ ಅನ್ನಿಸಲಿಲ್ಲ.

ಅವತ್ತಿನಿಂದ ಇದೊಂದೇ ಯೋಚನೆ. ಪೋಸ್ಟ್ ಬೇಸಿಕ್, ಆಮೇಲೆ ಆದರೆ ಎಂಎಸ್ಸಿ, ಟ್ಯೂಟರ್ ಆಗಬೇಕು. ನಾರ್ಸೆಟ್ ಕೂಡ ಬರೆಯುತ್ತೇನೆ ಸರ್, ಅದು ನನಗೆ ಹೊಳೆದಿರಲೇ ಇಲ್ಲ.

ಟ್ಯೂಟರ್ ಮೇಡಂ
ಇದನ್ನು ಓದಿ ಕಣ್ಣು ತುಂಬಿತು ತಂಗಿ. ಹಾಗಾದರೆ ಲೆಕ್ಕವೇ ಬೇರೆ. ಕಲಿಸುವವಳು ಆಗಬೇಕಾದರೆ ಕಲಿಸುವ ಕಡೆಗೇ ಹೋಗಬೇಕು.

ಎಂಎಸ್ಸಿಗೆ ಪೋಸ್ಟ್ ಬೇಸಿಕ್‌ನಲ್ಲಿ ಕನಿಷ್ಠ 55% ಬೇಕು, ಒಂದು ವರ್ಷದ ಅನುಭವ ಬೇಕು. ಪಾಸಾದರೆ ಸಾಕು ಅನ್ನುವ ಕಾಲೇಜಿನಲ್ಲಿ ಈ 55% ಗೋಡೆಗೆ ಎಷ್ಟೋ ಮಕ್ಕಳು ತಲೆ ಚಚ್ಚಿಕೊಂಡಿದ್ದಾರೆ.

ಕಾಲೇಜು ನೋಡಲು ನೀನೇ ಹೋಗು. ಫೋನಿನಲ್ಲಿ, ವಾಟ್ಸಾಪ್ ಫೋಟೋದಲ್ಲಿ ನೋಡಬೇಡ. ಕಾಲೇಜಿಗಿಂತ ಮೊದಲು ಆಸ್ಪತ್ರೆಗೆ ಹೋಗು. ನಿಯಮದ ಪ್ರಕಾರ 100 ಹಾಸಿಗೆಯ ಸ್ವಂತ ಆಸ್ಪತ್ರೆ ಬೇಕು. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಅನ್ನುವ ಲೆಕ್ಕ ಇದೆ. ಬೋರ್ಡಿನಲ್ಲಿ ಎಷ್ಟು ಬರೆದಿದ್ದಾರೆ ಅಂತ ನೋಡಬೇಡ. ಬೆಳಿಗ್ಗೆ ಹತ್ತು ಗಂಟೆಗೆ ವಾರ್ಡಿನಲ್ಲಿ ನಡೆದುಕೊಂಡು ಹೋಗು. ಹಾಸಿಗೆ ಮೇಲೆ ಜನ ಇದ್ದಾರಾ, ಯೂನಿಫಾರ್ಮ್ ಹಾಕಿದ ಮಕ್ಕಳು ಇದ್ದಾರಾ, ಅವರ ಜೊತೆ ಟ್ಯೂಟರ್ ಇದ್ದಾರಾ. ಈ ಮೂರು ಇದ್ದರೆ ಉಳಿದದ್ದು ಹೇಗೋ ಆಗುತ್ತದೆ.

ಆಮೇಲೆ ಕ್ಯಾಂಟೀನಿಗೆ ಹೋಗಿ ಎರಡನೇ ವರ್ಷದ ಯಾರಾದರೊಬ್ಬರ ಹತ್ತಿರ ಲಾಗ್ ಬುಕ್ ಕೇಳಿ ನೋಡು. ಪ್ರತಿ ಪ್ರೊಸೀಜರ್ ಮುಂದೆ ದಿನಾಂಕ, ಸಹಿ ಇರುತ್ತದೆ. ಇಪ್ಪತ್ತು ಸಹಿಯೂ ಒಂದೇ ಪೆನ್ನಿನಲ್ಲಿ, ಒಂದೇ ದಿನ ಹಾಕಿದ ಹಾಗಿದ್ದರೆ ತಿರುಗಿ ಬಾ.

ಕಲಬುರಗಿ ಬ್ರದರ್
ಲಾಗ್ ಬುಕ್ ಮಾತು ನೂರಕ್ಕೆ ನೂರು ಸತ್ಯ. ನನ್ನದು ಪರೀಕ್ಷೆಯ ಹಿಂದಿನ ರಾತ್ರಿ ಲಾಡ್ಜಿನಲ್ಲಿ ಕೂತು ತುಂಬಿಸಿದ್ದು.

ಮಡಿಕೇರಿ ಮಳೆ
ಕರಾವಳಿ ಕಾಲೇಜು ಅಂದರಲ್ಲ, ಊಟದ ಬಗ್ಗೆ ಯಾರೂ ಹೇಳಲಿಲ್ಲ. ಹಾಸ್ಟೆಲ್‌ನಲ್ಲಿ ಕುಚಲಕ್ಕಿ ಅನ್ನ. ನಮ್ಮ ಬ್ಯಾಚಿನ ವಿಜಯಪುರದ ಹುಡುಗಿ ಮೊದಲ ತಿಂಗಳು ಉಂಡೇ ಇಲ್ಲ.

ಬ್ಯಾಡಗಿ ಸಿಸ್ಟರ್
ಅಯ್ಯೋ, ಅದು ನಿಜವಾದ ಚಿಂತೆ ರೀ. ರೊಟ್ಟಿ ಇಲ್ಲದಿದ್ದರೆ ನನಗೆ ಊಟ ಮಾಡಿದ ಹಾಗೇ ಅನ್ನಿಸೋದಿಲ್ಲ.

ಮಡಿಕೇರಿ ಮಳೆ
ಕಟಕ್ ರೊಟ್ಟಿ ತಂದುಕೊ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ. ಆ ವಿಜಯಪುರದ ಹುಡುಗಿ ಹಾಗೇ ಮಾಡಿದಳು. ವರ್ಷದ ಕೊನೆಗೆ ನಾವೆಲ್ಲ ಅವಳ ಡಬ್ಬಿಗೇ ಕೈ ಹಾಕುತ್ತಿದ್ದೆವು. ಜೂನ್, ಜುಲೈನಲ್ಲಿ ಮಾತ್ರ ಡಬ್ಬಿ ಮುಚ್ಚಳ ಬಿಗಿ ಇರಲಿ, ಇಲ್ಲದಿದ್ದರೆ ಮೆತ್ತಗಾಗುತ್ತದೆ.

ಎರಡನೇ ಸೆಮ್
ಕ್ಷಮಿಸಿ, ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಬಿಎಸ್ಸಿ ನರ್ಸಿಂಗ್ ಎರಡನೇ ಸೆಮಿಸ್ಟರ್. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಗಾಬರಿಯಾಗಿ ಯಾವುದೋ ಆಪ್ಷನ್ ಕೊಟ್ಟು ಈ ಕಾಲೇಜಿಗೆ ಬಂದೆ. ಇಲ್ಲಿ ಕ್ಲಿನಿಕಲ್ ಪೋಸ್ಟಿಂಗ್‌ಗೆ ಬಸ್ಸಿನಲ್ಲಿ ಒಂದೂವರೆ ತಾಸು ಕರೆದುಕೊಂಡು ಹೋಗಿ, ವಾರ್ಡಿನಲ್ಲಿ ಒಂದು ತಾಸು ನಿಲ್ಲಿಸಿ ವಾಪಸ್ ತರುತ್ತಾರೆ. ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಆಗಬಹುದಾ? ಅಲ್ಲಿನವರು "ಮೊದಲು ಟಿಸಿ ತಗೊಂಡು ಬಾ" ಅಂತಿದ್ದಾರೆ.

ಏಳನೇ ವಾರ್ಡ್
ಟಿಸಿ ಮೊದಲು ತಗೋಬೇಡ!!

ಟ್ಯೂಟರ್ ಮೇಡಂ
ಹೌದು, ಟಿಸಿ ಕೊನೆಗೆ. ಮೊದಲು ಆ ಕಾಲೇಜಿನಲ್ಲಿ ನಿನ್ನ ಸೆಮಿಸ್ಟರ್‌ಗೆ ಮಂಜೂರಾದ ಸೀಟು ನಿಜವಾಗಿ ಖಾಲಿ ಇದೆಯಾ ಅಂತ ಬರವಣಿಗೆಯಲ್ಲಿ ತಗೋ. ಎರಡೂ ಕಾಲೇಜಿನಿಂದ ಎನ್‌ಒಸಿ ಬೇಕು. ವಿಶ್ವವಿದ್ಯಾಲಯದ ಅನುಮತಿ ಬೇಕು. ಅನುಮತಿ ಪತ್ರ ಕೈಗೆ ಬರುವ ತನಕ ಈಗಿನ ಕಾಲೇಜಿನಲ್ಲೇ ಹಾಜರಿ ಉಳಿಸಿಕೋ. ನಡುವೆ ಹೊರಟರೆ ಇಲ್ಲಿಯೂ ಹಾಜರಿ ಇಲ್ಲ, ಅಲ್ಲಿಯೂ ಇಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಬೆಂಗಳೂರಿನ ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಚೇರಿಗೇ ಹೋಗಿ ಕೇಳು.

ಇನ್ನೊಂದು ಮಾತು. 2021ರ ನಂತರ ಬಿಎಸ್ಸಿ ಸೆಮಿಸ್ಟರ್ ಪದ್ಧತಿಗೆ ಬಂದಿದೆ. ಎಂಟು ಸೆಮಿಸ್ಟರ್. ಅದೇ ವಿಶ್ವವಿದ್ಯಾಲಯದ ಒಳಗೆ ಬದಲಾದರೆ ವಿಷಯಗಳು ಹೊಂದುತ್ತವೆ. ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಹೋದರೆ ವಿಶ್ವವಿದ್ಯಾಲಯವೇ ಬೇರೆ, ಗೋಜಲು ಜಾಸ್ತಿ.

ಎರಡನೇ ಸೆಮ್
ಮೇಡಂ, ಇಲ್ಲಿ ನನ್ನ ಹತ್ತನೇ ಕ್ಲಾಸ್, ಪಿಯುಸಿ ಮೂಲ ಅಂಕಪಟ್ಟಿ ಇಟ್ಟುಕೊಂಡಿದ್ದಾರೆ. ಬಿಡಬೇಕಾದರೆ ಉಳಿದ ಮೂರು ವರ್ಷದ ಫೀಸೂ ಕಟ್ಟು ಅಂತಾರೆ.

ಎರಡು ಮಕ್ಕಳ ತಾಯಿ
ನನ್ನ ನಾದಿನಿಗೂ ಹೀಗೇ ಮಾಡಿದ್ದರು. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಸಹಿ ತಗೋ ಮಗಳೇ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡು. ಅದರ ಪ್ರತಿ ಇಟ್ಟುಕೊಂಡು ವಿಶ್ವವಿದ್ಯಾಲಯಕ್ಕೆ ದೂರು ಕೊಡು. ನನ್ನ ನಾದಿನಿಗೆ ಆ ಎರಡನೇ ಪತ್ರದ ನಂತರ ವಾಪಸ್ ಬಂದವು. ಒಬ್ಬಳೇ ಹೋಗಿ ಆಫೀಸಿನಲ್ಲಿ ನಿಂತು ಅಳಬೇಡ. ದೊಡ್ಡವರನ್ನು ಕರೆದುಕೊಂಡು ಹೋಗು.

ಸರ್ಕಾರಿ ಕೆಲಸಗಾರ
ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಹಾಕಿದ್ದರೆ ಅದನ್ನೂ ನೋಡಿಕೊ. ಕಾಲೇಜು ಬದಲಾದ ವಿವರ ಅಲ್ಲೂ ಸರಿಯಾಗಬೇಕು.

ಗಡಿನಾಡು
ಮೂಲ ವಿಷಯಕ್ಕೆ ಬರೋಣ. ಬ್ಯಾಡಗಿ ಸಿಸ್ಟರ್, ಮೂರು ಲಕ್ಷ ನಲವತ್ತು ಸಾವಿರ ಫೀಸು ಮಾತ್ರ ಅಲ್ಲ. ಎರಡು ವರ್ಷ ಸಂಬಳ ಬಿಟ್ಟರೆ 18,500 ಗುಣಿಸು 24, ಅಂದರೆ 4,44,000. ಒಟ್ಟು ಎಂಟು ಲಕ್ಷದ ಹತ್ತಿರ. ರೈತನ ಮನೆಗೆ ಇದು ಸಣ್ಣ ಮಾತಲ್ಲ. ಟ್ಯೂಟರ್ ಸಂಬಳ ಖಾಸಗಿಯಲ್ಲಿ ಐಸಿಯು ಸಂಬಳಕ್ಕಿಂತ ಜಾಸ್ತಿ ಇರುತ್ತದೆ ಅನ್ನುವ ಭರವಸೆ ಇಲ್ಲ. ಕಲಿಸುವ ಆಸೆ ಒಳ್ಳೆಯದು, ಆದರೆ ಅಪ್ಪನ ಮೇಲೆ ಸಾಲ ಹೊರಿಸಬೇಡ. ಇಗ್ನೋಗೆ ಬೆಲೆ ಇಲ್ಲ ಅಂದವನೇ ಈಗ ಹೇಳುತ್ತಿದ್ದೇನೆ, ನಿನಗೆ ಅದೇ ಸರಿ.

ಟ್ಯೂಟರ್ ಮೇಡಂ
ಲೆಕ್ಕ ಸರಿ ಇದೆ, ಒಪ್ಪುತ್ತೇನೆ. ಆದರೆ ಹುಡುಗಿ ಐಸಿಯು ನೈಟ್ ಮಾಡುತ್ತಾ ಮೂರು ವರ್ಷ ಓದಿ 55% ದಾಟಬೇಕು. ಅದಕ್ಕೂ ಒಂದು ಬೆಲೆ ಇದೆ. ಅದು ಗುಣಾಕಾರದಲ್ಲಿ ಸಿಗುವುದಿಲ್ಲ.

ಹಾಸನದ ಅಕ್ಕ
ಆಗುತ್ತದೆ ಮೇಡಂ. ನಾನು ದಾಟಿದೆ. ಕಷ್ಟ ಅಂದೆ, ಆಗೋದಿಲ್ಲ ಅನ್ನಲಿಲ್ಲ.

ಬ್ಯಾಡಗಿ ಸಿಸ್ಟರ್
ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಟ್ಯೂಟರ್ ಮೇಡಂ ಹೇಳಿದ ಹಾಗೆ ಎರಡೂ ಕಡೆ ಹೋಗಿ ಬಂದೆ. ಮೊದಲನೆಯದನ್ನೂ ನೋಡಿಯೇ ಬಿಡೋಣ ಅಂತ ಹೋದೆ.

ಬೆಂಗಳೂರಿನದು ನಾಲ್ಕು ಮಹಡಿ ಕಟ್ಟಡ. ಸ್ಕಿಲ್ ಲ್ಯಾಬಿನಲ್ಲಿ ಮ್ಯಾನಿಕಿನ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಕವರ್ ಮೇಲೆ ಧೂಳು. ಬೆರಳಲ್ಲಿ ಮುಟ್ಟಿದರೆ ಗೆರೆ ಬಿತ್ತು. ಆಸ್ಪತ್ರೆ ಎಲ್ಲಿ ಅಂದೆ. ಪಕ್ಕದ ಕಟ್ಟಡ ತೋರಿಸಿದರು. ಎರಡನೇ ಮಹಡಿಯಲ್ಲಿ ಮೂವತ್ತು ಹಾಸಿಗೆ, ಎಲ್ಲದಕ್ಕೂ ಮಡಿಕೆ ಮುರಿಯದ ಬಿಳಿ ಚಾದರ. ರೋಗಿಗಳು ಇಬ್ಬರು. ಐವಿ ಸ್ಟ್ಯಾಂಡ್‌ಗಳನ್ನೆಲ್ಲ ಮೂಲೆಯಲ್ಲಿ ಒಟ್ಟು ನಿಲ್ಲಿಸಿದ್ದರು. "ಇವತ್ತು ರಜೆ" ಅಂದರು. ಅವತ್ತು ಮಂಗಳವಾರ.

ಕರಾವಳಿಯದು ಹಳೇ ಹೆಂಚಿನ ಕಟ್ಟಡ. ಹೊಸ ಬ್ಲಾಕ್ ಹಿಂದೆ ಇದೆ. ಯಾರನ್ನೂ ಕೇಳದೆ ಮೆಡಿಕಲ್ ವಾರ್ಡಿಗೆ ಹೋದೆ. ಮಧ್ಯಾಹ್ನ ಶಿಫ್ಟ್ ಬದಲಾಗುವ ಹೊತ್ತು. ಎರಡನೇ ವರ್ಷದ ಹುಡುಗಿ ಒಬ್ಬಳು ಬೆಡ್ ಪಕ್ಕ ನಿಂತು ಹ್ಯಾಂಡೋವರ್ ಕೊಡುತ್ತಿದ್ದಳು. ರೋಗಿ ಒಬ್ಬ ಅಜ್ಜ. ಅವಳು ಹೆಸರು, ಬಿಪಿ, ಯೂರಿನ್ ಔಟ್‌ಪುಟ್ ಎಲ್ಲ ಹೇಳಿದಳು. ಟ್ಯೂಟರ್ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು: "ಅಜ್ಜ ಬೆಳಿಗ್ಗೆ ತಿಂಡಿ ತಿಂದರಾ? ಇನ್ಸುಲಿನ್ ಕೊಟ್ಟಿದ್ದೀ." ಹುಡುಗಿ ಒಂದು ಕ್ಷಣ ನಿಂತಳು. ಅಜ್ಜನೇ ಹೇಳಿದರು, "ಅರ್ಧ ಇಡ್ಲಿ ಮಗಾ". ತಕ್ಷಣ ಶುಗರ್ ನೋಡಿದರು. ಎಷ್ಟು ಬಂತೋ ನನಗೆ ಕಾಣಿಸಲಿಲ್ಲ, ಆದರೆ ಟ್ಯೂಟರ್ ಅಲ್ಲೇ ಗ್ಲೂಕೋಸ್ ನೀರು ತರಿಸಿದರು. ಯಾರನ್ನೂ ಬೈಯಲಿಲ್ಲ.

ನಾನು ಅಲ್ಲೇ ಬಾಗಿಲ ಹತ್ತಿರ ನಿಂತುಬಿಟ್ಟೆ. ನಮ್ಮ ಐಸಿಯುನ ಆ ಹುಡುಗಿ ನೆನಪಾದಳು.

ಲಾಗ್ ಬುಕ್ ನೋಡಿದೆ ಮೇಡಂ. ಮೂರು ಬಣ್ಣದ ಪೆನ್ನು, ಐದು ಥರದ ಸಹಿ, ಒಂದು ಕಡೆ "ಮತ್ತೊಮ್ಮೆ ಮಾಡಿ ತೋರಿಸು" ಅಂತ ಬರೆದಿತ್ತು.

ಟ್ಯೂಟರ್ ಮೇಡಂ
ಆ ಟ್ಯೂಟರ್‌ಗೆ ನನ್ನ ನಮಸ್ಕಾರ ಹೇಳು.

ಲೀಡ್ಸ್ ಕನ್ನಡತಿ
ನನ್ನ ಮಾತು ಬಿಡು. ಅಲ್ಲಿಗೇ ಸೇರು. ದುಡ್ಡಿನ ದಾರಿ ನೋಡೋಣ.

ಗಡಿನಾಡು
ಅಪ್ಪ ಏನಂದರು?

ಬ್ಯಾಡಗಿ ಸಿಸ್ಟರ್
ಅಪ್ಪನಿಗೆ ನಿಮ್ಮ ಎಂಟು ಲಕ್ಷದ ಲೆಕ್ಕವನ್ನೇ ಓದಿ ಹೇಳಿದೆ. ಮುಚ್ಚಿಡಲಿಲ್ಲ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ನೀನು ಮೂರು ವರ್ಷದಿಂದ ಮನೆಗೆ ಕಳಿಸಿದ್ದರಲ್ಲಿ ಸ್ವಲ್ಪ ನಿನ್ನ ಹೆಸರಲ್ಲೇ ಸೊಸೈಟಿಯಲ್ಲಿ ಇಟ್ಟೀನಿ" ಅಂದರು. 1,10,000 ಇದೆ. ನನಗೆ ಗೊತ್ತೇ ಇರಲಿಲ್ಲ.

ಉಳಿದದ್ದಕ್ಕೆ ಬ್ಯಾಂಕಿನಲ್ಲಿ ವಿದ್ಯಾಭ್ಯಾಸದ ಸಾಲ ಕೇಳುತ್ತೇನೆ. ಈ ಸಲ ಸೀಟು ಸಿಕ್ಕರೆ ಕರಾವಳಿ. ಸಾಲ ಆಗದಿದ್ದರೆ ಇಗ್ನೋ ಎಂಟ್ರೆನ್ಸ್, ಮ್ಯಾಟ್ರನ್ ಹತ್ತಿರ ರಜೆಯ ಮಾತು ಆಗಲೇ ಆಡಿದ್ದೇನೆ. ಬರವಣಿಗೆಯಲ್ಲಿ ಕೊಡುತ್ತೇನೆ ಅಂದಿದ್ದಾರೆ. ಏಜೆಂಟ್ ನಂಬರ್ ಬ್ಲಾಕ್ ಮಾಡಿದೆ.

ಕಲಬುರಗಿ ಬ್ರದರ್
ಸಂತೋಷ ಆಯ್ತು ತಂಗಿ. ಕೆಲಸ ಬಿಡುವಾಗ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್ ಎರಡೂ ಅವತ್ತೇ ತಗೋ. ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಇವೆ ಅಂತ ಅದರಲ್ಲಿ ಬರೆಸು, ನಾರ್ಸೆಟ್‌ಗೆ ಬೇಕಾಗುತ್ತದೆ. ಸೇರಿದ ದಿನಾಂಕ, ಬಿಟ್ಟ ದಿನಾಂಕ ಸರಿಯಾಗಿ ಇರಲಿ. ಬಿಟ್ಟ ದಿನಾಂಕ ಕಾಲೇಜು ಸೇರುವ ದಿನಕ್ಕಿಂತ ಮುಂಚೆ ಇರಬೇಕು.

ಎರಡನೇ ಸೆಮ್
ಅಕ್ಕಾ, ಆ ಕಾಲೇಜಿನಲ್ಲಿ ಬಿಎಸ್ಸಿ ಮೂರನೇ ಸೆಮ್‌ನಲ್ಲಿ ಸೀಟು ಖಾಲಿ ಇದೆಯಾ ಅಂತ ಮುಂದಿನ ಸಲ ಹೋದಾಗ ಕೇಳ್ತೀರಾ?

ಬ್ಯಾಡಗಿ ಸಿಸ್ಟರ್
ಸೋಮವಾರ ಅರ್ಜಿ ಕೊಡಲು ಹೋಗುತ್ತೇನೆ, ಕೇಳುತ್ತೇನೆ. ಬರವಣಿಗೆಯಲ್ಲೇ ಕೇಳುತ್ತೇನೆ ಪುಟ್ಟಾ. ಯಾವ ಸೆಮಿಸ್ಟರ್, ಯಾವ ವರ್ಷದ ಬ್ಯಾಚು ಅಂತ ನನಗೆ ಕಳಿಸು.